ಬಾವಿ ನೀರಿನಲ್ಲಿ ವಿಷ, ರಕ್ತದಲ್ಲಿ ಕ್ಯಾನ್ಸರ್ ಸೂಚಕ: ಪರೀಕ್ಷೆಗೆ ಕೊಡುವ ಮೊದಲು ಮತ್ತು ಆಮೇಲೆ

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ನೀರು ಪರೀಕ್ಷೆಗೆಂದು ಬರುವವರ ಕೈಯಲ್ಲಿ ಹೆಚ್ಚಾಗಿ ಎರಡು ವಸ್ತುಗಳಿರುತ್ತವೆ. ಒಂದು, ಅಂಗಡಿ ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿದ ಬಾವಿ ನೀರು. ಇನ್ನೊಂದು, ಮನೆಯವರೊಬ್ಬರ ರಕ್ತಪರೀಕ್ಷೆಯ ಮಡಚಿದ ಕಾಗದ. “ಇದರಲ್ಲಿ ವಿಷ ಉಂಟಾ, ಅದರಿಂದಲೇ ಇದು ಬಂದದ್ದಾ, ನೋಡಿ ಹೇಳಿ” ಎಂಬುದು ಅವರ ಕೇಳಿಕೆ. 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ನೆಲದಲ್ಲಿ ಈ ಪ್ರಶ್ನೆ ಹುಟ್ಟದಿದ್ದರೇ ಆಶ್ಚರ್ಯಪಡಬೇಕಿತ್ತು. ಆದರೆ ಇದು ಒಂದು ಪ್ರಶ್ನೆಯಲ್ಲ, ಮೂರು. ನೀರಿನಲ್ಲಿ ಆ ರಾಸಾಯನಿಕ ಇದೆಯೇ ಎಂಬುದನ್ನು ಪ್ರಯೋಗಾಲಯ ಹೇಳಬಲ್ಲದು. ರಕ್ತದಲ್ಲಿ ಒಂದು ಪ್ರೋಟೀನು ಎಷ್ಟಿದೆ ಎಂಬುದನ್ನೂ ಹೇಳಬಲ್ಲದು. ಮೊದಲನೆಯದರಿಂದ ಎರಡನೆಯದು ಆಯಿತೇ ಎಂಬುದನ್ನು ಒಬ್ಬ ವ್ಯಕ್ತಿಯ ವಿಷಯದಲ್ಲಿ ಹೇಳುವ ಯಂತ್ರ ಯಾವ ಪ್ರಯೋಗಾಲಯದಲ್ಲಿಯೂ ಇಲ್ಲ.

ಹಲವು ವರ್ಷ ಇಂಥ ಮಾದರಿಗಳನ್ನು ಕೈಯಾಡಿಸಿದ ಅನುಭವದಿಂದ, ಹೊಸದಾಗಿ ಪ್ರಯೋಗಾಲಯ ಸೇರಿದವರಿಗೂ ಮಾದರಿ ಕೊಡುವ ಮನೆಯವರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ತಪ್ಪುಗಳಲ್ಲಿ ಹೆಚ್ಚಿನವು ಯಂತ್ರದೊಳಗೆ ಆಗುವುದಿಲ್ಲ. ಮಾದರಿ ಯಂತ್ರದ ಬಾಯಿಗೆ ಬೀಳುವ ಮೊದಲೇ ಆಗಿಹೋಗಿರುತ್ತವೆ.

ಮೊದಲು ಒಂದು ಚೀಟಿ ಬರೆಯಿರಿ

ಬಾಟಲಿ ಹುಡುಕುವ ಮೊದಲು, ತಿಳಿಯಬೇಕಾದದ್ದು ಏನೆಂದು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು. “ನೀರು ಒಳ್ಳೆಯದಾ” ಎಂದು ಬರೆದರೆ ಸಾಲದು. “ಅಡಿಕೆ ತೋಟದ ಕೆಳಗಿನ ಬಾವಿಯಲ್ಲಿ ತಾಮ್ರ ಎಷ್ಟಿದೆ” ಎಂದೋ “ಗೇರುಗುಡ್ಡೆಯ ಬುಡದ ಸುರಂಗದ ನೀರಿನಲ್ಲಿ ಎಂಡೋಸಲ್ಫಾನ್ ಇದೆಯೇ” ಎಂದೋ ಬರೆದರೆ ಮುಂದಿನ ದಾರಿ ತಾನಾಗಿ ತೆರೆಯುತ್ತದೆ. ಅಡಿಕೆಯ ಕೊಳೆರೋಗಕ್ಕೆಂದು ಪ್ರತಿ ಮಳೆಗಾಲ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತು ಮತ್ತು ಸುಣ್ಣ. ಅದರ ತಾಮ್ರವನ್ನು ಅಳೆಯುವುದು ಪರಮಾಣು ಹೀರಿಕೆಯ ಯಂತ್ರ, ಅಂದರೆ ಎಎಎಸ್. ಎಂಡೋಸಲ್ಫಾನನ್ನು ಹಿಡಿಯುವುದು ಗ್ಯಾಸ್ ಕ್ರೊಮ್ಯಾಟೋಗ್ರಾಫ್. ಮೊದಲ ಯಂತ್ರಕ್ಕೆ ಎಂಡೋಸಲ್ಫಾನ್ ಕಾಣುವುದಿಲ್ಲ, ಎರಡನೆಯದಕ್ಕೆ ತಾಮ್ರ ಕಾಣುವುದಿಲ್ಲ. ಹೀಗಾಗಿ “ಎಲ್ಲ ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲವಂತೆ” ಎಂಬ ಮಾತಿಗೆ, ಯಾವ ಪರೀಕ್ಷೆ ಎಂದು ತಿಳಿಯದ ಹೊರತು, ಅರ್ಥವಿಲ್ಲ.

ಬಾಟಲಿಯೂ ಬೇರೆಬೇರೆ. ತಾಮ್ರ, ಸೀಸದಂಥ ಲೋಹಗಳಿಗೆ ಶುಭ್ರವಾದ ಪಾಲಿಎಥಿಲೀನ್ ಬಾಟಲಿ ಬೇಕು. ಲೋಹವು ಗೋಡೆಗೆ ಅಂಟಿಕೊಳ್ಳದಂತೆ ನೀರಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ ಮಟ್ಟವನ್ನು 2ಕ್ಕಿಂತ ಕೆಳಗೆ ಇಳಿಸಬೇಕು, ಮತ್ತು ಇದನ್ನು ಪ್ರಯೋಗಾಲಯದವರೇ ಮಾಡಬೇಕು. ಕ್ಲೋರಿನ್ ಇರುವ ಕೀಟನಾಶಕಗಳಿಗಾದರೆ ತದ್ವಿರುದ್ಧ: ಅವು ಪ್ಲಾಸ್ಟಿಕಿಗೆ ಅಂಟಿಕೊಳ್ಳುವುದರಿಂದ, ಕಂದು ಬಣ್ಣದ ಗಾಜಿನ ಬಾಟಲಿ, ಟೆಫ್ಲಾನ್ ಪದರದ ಮುಚ್ಚಳ ಬೇಕೇಬೇಕು. ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದ ನೀರಿನಲ್ಲಿ “ಇಲ್ಲ” ಎಂದು ವರದಿ ಬಂದರೆ, ಇದ್ದದ್ದು ಬಾಟಲಿಯ ಗೋಡೆಯಲ್ಲಿ ಉಳಿದಿರಲೂ ಸಾಕು.

ನೀರು ತೆಗೆಯುವ ಬಗೆ

ಒಂದು ಲೀಟರಿನ ಗಾಜಿನ ಬಾಟಲಿಯನ್ನು ಸೋಪು, ನೀರು, ಭಟ್ಟಿ ಇಳಿಸಿದ ನೀರು, ಅಸಿಟೋನ್, ಹೆಕ್ಸೇನ್ ಈ ಕ್ರಮದಲ್ಲಿ ತೊಳೆದು ಒಣಗಿಸಿ ಪ್ರಯೋಗಾಲಯವೇ ಕೊಡಬೇಕು. ಮನೆಯಲ್ಲಿರುವ ಜೇನಿನ ಸೀಸೆಯನ್ನೋ ಎಣ್ಣೆಯ ಸೀಸೆಯನ್ನೋ ಬಿಸಿನೀರಲ್ಲಿ ತೊಳೆದು ತರಬಾರದು. ಕ್ಷೇತ್ರಕ್ಕೆ ಹೋದ ಮೇಲೆ ಆ ಬಾಟಲಿಯನ್ನು ಅದೇ ನೀರಿನಿಂದ ಕುಲುಕಿ ಚೆಲ್ಲುವ ಅಭ್ಯಾಸ ಕೆಲವರಿಗಿದೆ. ಬೇರೆ ಪರೀಕ್ಷೆಗಳಿಗೆ ಅದು ಸರಿ; ಇಲ್ಲಿ ಬೇಡ. ಕುಲುಕಿದ ನೀರಿನಿಂದ ಒಂದಷ್ಟು ಕೀಟನಾಶಕ ಗಾಜಿಗೆ ಹತ್ತಿ, ಆಮೇಲೆ ತುಂಬಿದ ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ತೆರೆದ ಬಾವಿಯಾದರೆ ಮೇಲ್ಮೈಯ ಪಾಚಿ, ಎಲೆ, ಧೂಳು ಸೇರದಂತೆ ಒಂದೆರಡು ಅಡಿ ಕೆಳಗಿನಿಂದ ತೆಗೆಯಬೇಕು. ಪಂಪಿನ ನಲ್ಲಿಯಾದರೆ ಪೈಪಿನಲ್ಲಿ ನಿಂತಿದ್ದ ನೀರು ಹೋಗುವ ತನಕ ಬಿಟ್ಟು ಅನಂತರ ಹಿಡಿಯಬೇಕು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿಗೆ, ಹೊರಗಿನ ತೊಟ್ಟಿಯಿಂದಲ್ಲ, ಸುರಂಗದ ಬಾಯಿಯಲ್ಲಿ ಹರಿದು ಬರುವಲ್ಲಿಯೇ ಬಾಟಲಿ ಒಡ್ಡಬೇಕು. ತೊಟ್ಟಿಯ ತಳದ ಕೆಸರು ಬೇರೆಯೇ ಕತೆ ಹೇಳುತ್ತದೆ. ಬಾಟಲಿಯನ್ನು ಕುತ್ತಿಗೆವರೆಗೆ ತುಂಬಿ, ಬಿಸಿಲು ತಾಗದಂತೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸಾಗಿಸಬೇಕು. ನೀರಿನಲ್ಲಿರುವ ಕೀಟನಾಶಕವನ್ನು ಏಳು ದಿನದೊಳಗೆ ದ್ರಾವಕಕ್ಕೆ ಇಳಿಸಬೇಕು. ಇಳಿಸಿದ ಸಾರವನ್ನು 40 ದಿನದೊಳಗೆ ಯಂತ್ರಕ್ಕೆ ಹಾಕಬೇಕು.

ನಮ್ಮಲ್ಲಿ ಪಂಚಾಯತಿನವರೂ ಆರೋಗ್ಯ ಕಾರ್ಯಕರ್ತರೂ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು ಸಾಮಾನ್ಯ. ಹಾಕಿದ ಬೆನ್ನಿಗೇ ಮಾದರಿ ತೆಗೆಯಬೇಡಿ. ಕ್ಲೋರಿನ್ ಕೆಲವು ಕೀಟನಾಶಕಗಳನ್ನು ಒಡೆಯುತ್ತದೆ, ಮತ್ತು ಪುಡಿಯಿಂದ ಕ್ಷಾರೀಯವಾದ ನೀರಿನಲ್ಲಿ ಎಂಡೋಸಲ್ಫಾನ್ ಬೇಗ ಒಡೆದುಹೋಗುತ್ತದೆ. ಹಾಕಿಯೇ ಆಗಿದ್ದರೆ ಪ್ರಯೋಗಾಲಯಕ್ಕೆ ತಿಳಿಸಿ; ಅವರು ಬಾಟಲಿಗೆ ಮೊದಲೇ ಕ್ಲೋರಿನನ್ನು ತಣಿಸುವ ಸೋಡಿಯಂ ಥಯೋಸಲ್ಫೇಟ್ ಹಾಕಿ ಕೊಡುತ್ತಾರೆ.

ಇನ್ನೂ ಎರಡು ಬಾಟಲಿ ಹೆಚ್ಚುವರಿಯಾಗಿ ಬೇಕು. ಒಂದರಲ್ಲಿ ಭಟ್ಟಿ ಇಳಿಸಿದ ನೀರು ತುಂಬಿ, ಬಾವಿಕಟ್ಟೆಯವರೆಗೆ ಕೊಂಡುಹೋಗಿ, ಮುಚ್ಚಳ ತೆರೆದು ಮುಚ್ಚಿ ತರಬೇಕು. ಅದರಲ್ಲಿ ಏನಾದರೂ ಕಂಡರೆ ದೋಷ ಬಾವಿಯದ್ದಲ್ಲ, ನಮ್ಮದು. ಇನ್ನೊಂದರಲ್ಲಿ, ಸಿಂಪಡಣೆ ನಡೆಯದ ಕಡೆಯ ಬಾವಿಯ ನೀರು ಬೇಕು. ಹೋಲಿಕೆಯಿಲ್ಲದ ಅಂಕಿಗೆ ಬಲವಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇದೇ ಜಿಲ್ಲೆಯ ಪಡ್ರೆಯ ಶಾಲಾ ಹುಡುಗರ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಡ್ಡಿಕೆಯಾದ 117 ಹುಡುಗರ ಜೊತೆಗೆ ಸಿಂಪಡಣೆಯಿಲ್ಲದ ಊರಿನ 90 ಹುಡುಗರನ್ನೂ ಪರೀಕ್ಷಿಸಿದ್ದರು; ರಕ್ತದಲ್ಲಿ ಕೀಟನಾಶಕ ಅಳೆದದ್ದು ಮೊದಲನೆಯವರಲ್ಲಿ 70, ಎರಡನೆಯವರಲ್ಲಿ 47 ಮಂದಿಯದ್ದು. ಸರಾಸರಿ ಎಂಡೋಸಲ್ಫಾನ್ ಮೊದಲನೆಯವರಲ್ಲಿ 7.47 ಪಿಪಿಬಿ (ನೂರು ಕೋಟಿಯಲ್ಲಿ ಅಷ್ಟು ಪಾಲು), ಎರಡನೆಯವರಲ್ಲಿ 1.37 ಪಿಪಿಬಿ. ಹೋಲಿಕೆಯ ಊರಿನಲ್ಲಿಯೂ ಅಂಕಿ ಸೊನ್ನೆಯಲ್ಲ ಎಂಬುದನ್ನು ಗಮನಿಸಬೇಕು. ಆ ಎರಡನೆಯ ಗುಂಪು ಇಲ್ಲದಿದ್ದರೆ 7.47 ಎಂಬುದು ಹೆಚ್ಚೋ ಕಡಿಮೆಯೋ ಎಂದು ಹೇಳುವುದೇ ಕಷ್ಟವಾಗುತ್ತಿತ್ತು.

ಸಿಂಪಡಣೆ ನಿಂತು ಎರಡು ದಶಕ ಮೀರಿದೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿದೆ. ಈಗ ಹಳೆಯ ಸಿಂಪಡಣೆಯ ಕುರುಹು ಹುಡುಕುವವರು ನೀರೊಂದನ್ನೇ ನೆಚ್ಚಬಾರದು. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ; ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು ತೋಡಿನ, ಮದಕದ (ಕೆರೆಯ) ತಳದ ಕೆಸರಿನಲ್ಲಿ ಕೂರುತ್ತದೆ. ಆದುದರಿಂದ ಕೆಸರನ್ನೂ ಕೊಡಿ. ಮಾರಾಟವಾಗುತ್ತಿದ್ದ ಔಷಧದಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳು ಸುಮಾರು 7:3ರ ಪ್ರಮಾಣದಲ್ಲಿದ್ದವು. ಮಣ್ಣಿನಲ್ಲಿ ಅವು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಗುತ್ತವೆ, ಮತ್ತು ಹೆಚ್ಚು ಕಾಲ ಉಳಿಯುವುದು ಈ ಸಲ್ಫೇಟೇ. ಆಲ್ಫಾ, ಬೀಟಾ ಎರಡನ್ನಷ್ಟೇ ನೋಡಿ ಸಲ್ಫೇಟನ್ನು ಬಿಟ್ಟ ವರದಿ ಹಳೆಯ ಸಿಂಪಡಣೆಯ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಮೇಜಿನ ಮೇಲೆ

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಆಲ್ಫಾ, ಬೀಟಾ, ಸಲ್ಫೇಟ್ ಇವುಗಳಿಗಿರುವ ಮಿತಿ ಲೀಟರಿಗೆ 0.4 ಮೈಕ್ರೊಗ್ರಾಂ, ಅಂದರೆ 25 ಲಕ್ಷ ಲೀಟರಿಗೆ ಒಂದು ಗ್ರಾಂ. ಇಷ್ಟು ತೆಳುವಾದದ್ದನ್ನು ನೇರವಾಗಿ ಅಳೆಯಲಾಗದು, ಮೊದಲು ದಪ್ಪ ಮಾಡಿಕೊಳ್ಳಬೇಕು. ಒಂದು ಲೀಟರ್ ನೀರನ್ನು ದೊಡ್ಡ ಸೆಪರೇಟಿಂಗ್ ಫನೆಲಿಗೆ ಸುರಿದು 60 ಮಿಲಿಲೀಟರ್ ಡೈಕ್ಲೋರೋಮೀಥೇನ್ ಸೇರಿಸಿ ಎರಡು ನಿಮಿಷ ಕುಲುಕಬೇಕು. ಈ ದ್ರಾವಕ ಬೇಗ ಆವಿಯಾಗುವುದರಿಂದ ಒಳಗೆ ಒತ್ತಡ ಏರುತ್ತದೆ; ಫನೆಲನ್ನು ತಲೆಕೆಳಗೆ ಹಿಡಿದು, ಕೊಳವೆಯ ಬಾಯಿ ಯಾರ ಮುಖಕ್ಕೂ ಎದುರಾಗದಂತೆ ಹೊಗೆಗೂಡಿನ ಒಳಕ್ಕೆ ತಿರುಗಿಸಿ, ಮಧ್ಯೆ ಮಧ್ಯೆ ಕೀಲಿ ತೆರೆದು ‘ಸುಯ್’ ಎಂದು ಗಾಳಿ ಬಿಡಬೇಕು. ಹೊಸಬರು ಇದನ್ನು ಮರೆತಾಗಲೇ ಮುಚ್ಚಳ ಹಾರುವುದು. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ನೀರಿಗಿಂತ ಭಾರವಾದ ದ್ರಾವಕ ತಳಕ್ಕಿಳಿಯುತ್ತದೆ. ಅದನ್ನು ಇಳಿಸಿಕೊಂಡು, ಇನ್ನೆರಡು ಸಲ ಇದನ್ನೇ ಮಾಡಬೇಕು. ಮಳೆಗಾಲದ ಕೆಂಪು ನೀರಾದರೆ ನಡುವೆ ಮಜ್ಜಿಗೆಯಂಥ ನೊರೆಪದರ ನಿಲ್ಲುತ್ತದೆ. ಗಾಜಿನ ಹತ್ತಿಯ ಮೂಲಕ ಸೋಸಿದರೆ ಅಥವಾ ಕಡ್ಡಿಯಿಂದ ಮೆಲ್ಲನೆ ಕದಡಿದರೆ ಅದು ಒಡೆಯುತ್ತದೆ.

ಕೂಡಿಸಿದ ದ್ರಾವಕವನ್ನು ಒಣ ಸೋಡಿಯಂ ಸಲ್ಫೇಟಿನ ಮೂಲಕ ಹಾಯಿಸಿ ನೀರಿನ ಅಂಶ ತೆಗೆಯಬೇಕು, ಆಮೇಲೆ ಆವಿ ಮಾಡಿ ಇಳಿಸಬೇಕು. ಪೂರ್ತಿ ಒಣಗಲು ಬಿಟ್ಟರೆ ಬೇಕಾದದ್ದೂ ಹಾರಿಹೋಗುತ್ತದೆ. ಇಲ್ಲೊಂದು ಹೆಜ್ಜೆ ತಪ್ಪಬಾರದು. ಮುಂದೆ ಬಳಸುವ ಎಲೆಕ್ಟ್ರಾನ್ ಕ್ಯಾಪ್ಚರ್ ಪತ್ತೆಕಾರಕ ಕ್ಲೋರಿನನ್ನೇ ಹುಡುಕುವಂಥದ್ದು, ಮತ್ತು ಡೈಕ್ಲೋರೋಮೀಥೇನಿನಲ್ಲಿಯೂ ಕ್ಲೋರಿನ್ ಇದೆ. ಸ್ವಲ್ಪ ಉಳಿದರೂ ಪತ್ತೆಕಾರಕ ಅದರಲ್ಲೇ ಮುಳುಗಿಬಿಡುತ್ತದೆ. ಆದುದರಿಂದ ಹೆಕ್ಸೇನ್ ಸೇರಿಸಿ ಮತ್ತೆ ಆವಿ ಮಾಡಿ, ದ್ರಾವಕವನ್ನು ಸಂಪೂರ್ಣ ಬದಲಿಸಬೇಕು. ಒಂದು ಲೀಟರ್ ಕೊನೆಗೆ ಒಂದು ಮಿಲಿಲೀಟರಿಗೆ ಇಳಿದರೆ ಸಾವಿರ ಪಟ್ಟು ಸಾಂದ್ರವಾದಂತೆ.

ಕೊಳೆ ತೆಗೆಯಲು ಫ್ಲೋರಿಸಿಲ್ ಎಂಬ ಪುಡಿ ತುಂಬಿದ ಕೊಳವೆಯ ಮೂಲಕ, ಶೇಕಡಾ 6, 15, 50 ಹೀಗೆ ಈಥರ್ ಹೆಚ್ಚಿಸುತ್ತ ಹೆಕ್ಸೇನ್ ಹಾಯಿಸುವ ಹಳೆಯ ಕ್ರಮವಿದೆ. ಆಲ್ಫಾ ಮೊದಲ ಎರಡು ಪಾಲುಗಳಲ್ಲಿ ಇಳಿದರೆ ಬೀಟಾದ ಬಹುಭಾಗ ಕೊನೆಯ ಪಾಲಿನಲ್ಲಿ ಬರುತ್ತದೆ; ಸಲ್ಫೇಟಂತೂ ಕೊನೆಯ ಪಾಲಿನಲ್ಲಿ ಮಾತ್ರ. ಸಮಯ ಉಳಿಸಲೆಂದು ಎರಡಕ್ಕೇ ನಿಲ್ಲಿಸಿದವರು, ಹೆಚ್ಚು ಬಾಳುವ ವಸ್ತುವನ್ನು ಕೊಳವೆಯಲ್ಲೇ ಬಿಟ್ಟು “ಇಲ್ಲ” ಎಂದು ಬರೆದಂತಾಗುತ್ತದೆ.

ಅನಂತರ ಯಂತ್ರ. ಮೂವತ್ತು ಮೀಟರ್ ಉದ್ದದ ಕೂದಲಿನಂಥ ಕೊಳವೆಯಲ್ಲಿ ಅನಿಲದೊಡನೆ ಸಾಗುವ ವಸ್ತುಗಳು ತಮ್ಮ ತಮ್ಮ ಸಮಯಕ್ಕೆ ಹೊರಬಂದು ಪರದೆಯಲ್ಲಿ ಪೀಕ್‌ಗಳಾಗಿ ಏಳುತ್ತವೆ. ಜೇಮ್ಸ್ ಲವ್‌ಲಾಕ್ 1957ರಲ್ಲಿ ರೂಪಿಸಿದ ಆ ಪತ್ತೆಕಾರಕ ಅತಿ ಸೂಕ್ಷ್ಮ, ಆದರೆ ಮೂಕ. “ಈ ಹೊತ್ತಿಗೆ ಯಾರೋ ಬಂದರು” ಎನ್ನುತ್ತದೆಯೇ ಹೊರತು ಯಾರೆಂದು ಹೇಳುವುದಿಲ್ಲ. ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಸತತ ಆರು ಬಾವಿಗಳ ನೀರಿನಲ್ಲಿ ಎಂಡೋಸಲ್ಫಾನಿನ ಸಮಯಕ್ಕೆ ಸರಿಯಾಗಿ ಪೀಕ್ ಎದ್ದಿತು. ವರದಿ ಟೈಪ್ ಮಾಡಿ ಸಹಿಗೆ ಇಟ್ಟೂ ಆಗಿತ್ತು. ಹಿರಿಯರೊಬ್ಬರು “ಬ್ಲ್ಯಾಂಕ್ ಎಲ್ಲಿ ಮಾರಾಯಾ” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಶುದ್ಧ ನೀರನ್ನೇ ಅದೇ ಕ್ರಮದಲ್ಲಿ ಹಾಯಿಸಿ ನೋಡಿದರೆ ಅದರಲ್ಲಿಯೂ ಅದೇ ಪೀಕ್, ಅದೇ ಎತ್ತರ. ದ್ರಾವಕ ಸಾಗಿಸಲು ನಾನು ಜೋಡಿಸಿದ್ದ ಹೊಸ ಪ್ಲಾಸ್ಟಿಕ್ ಕೊಳವೆಯಿಂದ ಇಳಿದ ಥ್ಯಾಲೇಟ್, ಅಂದರೆ ಪ್ಲಾಸ್ಟಿಕನ್ನು ಮೆದುವಾಗಿಸಲು ಹಾಕುವ ರಾಸಾಯನಿಕ, ಅದು. ಆರು ಮನೆಗಳಿಗೆ ಹೋಗಬಹುದಾಗಿದ್ದ ಕಾಗದವನ್ನು ಹರಿದು ಹಾಕಿದೆ.

ಆದುದರಿಂದ ಪ್ರತಿ ತಂಡದ ಮಾದರಿಗಳ ಜೊತೆ ಒಂದು ಬ್ಲ್ಯಾಂಕ್, ಗೊತ್ತಿರುವಷ್ಟು ಎಂಡೋಸಲ್ಫಾನ್ ಬೇಕೆಂದೇ ಸೇರಿಸಿದ ಒಂದು ಮಾದರಿ, ಒಂದೇ ನೀರಿನ ಎರಡು ಪ್ರತಿಗಳು ಹೋಗಬೇಕು. ಸೇರಿಸಿದ್ದರಲ್ಲಿ ಶೇಕಡಾ 70ರಿಂದ 120ರಷ್ಟು ಮರಳಿ ಸಿಕ್ಕಿದರೆ ಕ್ರಮ ಸರಿಯಿದೆ ಎನ್ನಬಹುದು. ಕಂಡ ಪೀಕನ್ನು ಬೇರೆ ಗುಣದ ಎರಡನೆಯ ಕೊಳವೆಯಲ್ಲಿಯೋ, ಅದಕ್ಕಿಂತ ಉತ್ತಮವಾಗಿ, ಅಣುವನ್ನು ಒಡೆದು ತುಣುಕುಗಳ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿಯೋ ದೃಢಪಡಿಸಿಕೊಳ್ಳಬೇಕು. ಅಲ್ಲಿ ಆಲ್ಫಾ, ಬೀಟಾ ಎರಡೂ 195, 241, 339ರ ತುಣುಕುಗಳನ್ನು, ಸಲ್ಫೇಟ್ 272, 387ರ ತುಣುಕುಗಳನ್ನು ತೋರಿಸುತ್ತವೆ.

ವರದಿಯಲ್ಲಿ ‘ಎನ್‌ಡಿ’ ಎಂದಿದ್ದರೆ ಕಂಡುಬಂದಿಲ್ಲ ಎಂದರ್ಥ, ಇಲ್ಲವೇ ಇಲ್ಲ ಎಂದಲ್ಲ. ಪಕ್ಕದಲ್ಲಿ ‘ಎಲ್‌ಓಕ್ಯೂ’ ಎಂಬ ಅಂಕಿ ಇದೆಯೇ ನೋಡಿ. ಆ ಪ್ರಯೋಗಾಲಯ ನಂಬಿಕೆಯಿಂದ ಅಳೆಯಬಲ್ಲ ಕನಿಷ್ಠ ಪ್ರಮಾಣ ಅದು. ಮಿತಿ 0.4 ಇರುವಾಗ ಎಲ್‌ಓಕ್ಯೂ 1 ಮೈಕ್ರೊಗ್ರಾಂ ಎಂದಿದ್ದರೆ, ಅಲ್ಲಿನ ‘ಎನ್‌ಡಿ’ಯಿಂದ ನಿಮಗೆ ಸಿಕ್ಕಿದ್ದು ಬರೇ ರಶೀದಿ. ಹಣ ಕಟ್ಟುವ ಮೊದಲೇ ಇದನ್ನು ಕೇಳಿ. ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂಬ ಫಲಕ ನೋಡಿ ತೃಪ್ತರಾಗದೆ, ಆ ಮಾನ್ಯತೆಯ ಪಟ್ಟಿಯಲ್ಲಿ ನಿಮ್ಮ ಪರೀಕ್ಷೆಯೂ ಇದೆಯೇ ಎಂದು ವಿಚಾರಿಸಿ.

ರಕ್ತದ ಸೂಚಕಗಳು

ಇನ್ನು ಆ ಮಡಚಿದ ಕಾಗದ. ಸಿಎ 125, ಸಿಇಎ, ಎಎಫ್‌ಪಿ, ಪಿಎಸ್‌ಎ ಎಂದು ಅದರಲ್ಲಿರುವುದು ಕೆಲವು ಪ್ರೋಟೀನುಗಳ ಪ್ರಮಾಣ; ಮುಖ್ಯವಾಗಿ ಮೊದಲನೆಯದು ಅಂಡಾಶಯದ, ಎರಡನೆಯದು ದೊಡ್ಡ ಕರುಳಿನ, ಮೂರನೆಯದು ಯಕೃತ್ತಿನ, ನಾಲ್ಕನೆಯದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನಲ್ಲಿ ಏರುವಂಥದ್ದು. ಇವನ್ನು ಅಳೆಯುವ ಎಲೈಸಾ ವಿಧಾನ 1971ರಿಂದ ಬಳಕೆಯಲ್ಲಿದೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಒಂದು ಪ್ರತಿಕಾಯ ಅಂಟಿಸಿರುತ್ತಾರೆ. ರಕ್ತದ್ರವ ಹಾಕಿದಾಗ ಸೂಚಕ ಪ್ರೋಟೀನು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ ಬಂದು ಕೂರುತ್ತದೆ. ಬಣ್ಣದ ದ್ರಾವಣ ಹಾಕಿದರೆ ಗುಳಿ ನೀಲಿಯಾಗಿ, ಆಮ್ಲ ಬಿದ್ದೊಡನೆ ಹಳದಿಗೆ ತಿರುಗುತ್ತದೆ. ಆ ಹಳದಿಯನ್ನು 450 ನ್ಯಾನೊಮೀಟರಿನಲ್ಲಿ ಓದುತ್ತಾರೆ. ಕೈಕೆಲಸದಲ್ಲಿ ಮುಖ್ಯವಾದದ್ದು ತೊಳೆಯುವುದು. ಗುಳಿಯಲ್ಲಿ ಹನಿ ಉಳಿದರೆ ಹಳದಿ ಸುಳ್ಳಾಗಿ ಏರುತ್ತದೆ, ಆದುದರಿಂದ ಪ್ರತಿ ಸಲ ತಟ್ಟೆಯನ್ನು ಮಗುಚಿ ಹೀರುಕಾಗದದ ಮೇಲೆ ಬಡಿಯಬೇಕು. ಪ್ರತಿ ಮಾದರಿಯನ್ನೂ ಎರಡೆರಡು ಗುಳಿಗಳಲ್ಲಿ ಹಾಕಿ; ಎರಡರ ಓದು ದೂರವಾದರೆ ಸರಾಸರಿ ತೆಗೆಯದೆ ಮತ್ತೆ ಮಾಡಿ. ದೊಡ್ಡ ಆಸ್ಪತ್ರೆಗಳಲ್ಲಿ ಇದೇ ತತ್ವದ ಸ್ವಯಂಚಾಲಿತ ಯಂತ್ರಗಳಿವೆ.

ಇಲ್ಲಿ ಸುಳ್ಳು ಹೇಳುವ ದಾರಿಗಳು ಹಲವು. ಸೂಚಕ ವಿಪರೀತ ಹೆಚ್ಚಿದ್ದರೆ ಎರಡೂ ಪ್ರತಿಕಾಯಗಳು ಬೇರೆಬೇರೆಯಾಗಿ ತುಂಬಿಹೋಗಿ, ಅಂಕಿ ಕಡಿಮೆಯೆಂದು ಬರಬಹುದು. ಅನುಮಾನವಿದ್ದಲ್ಲಿ ರಕ್ತದ್ರವವನ್ನು ತೆಳು ಮಾಡಿ ಮತ್ತೆ ಓದಬೇಕು. ಕೂದಲು ಉದುರುವುದಕ್ಕೆ ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳ ಜೋಡಣೆಯನ್ನೇ ಕೆಡಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಸಿದೆ. ಮಾತ್ರೆ ನುಂಗುವವರು ರಕ್ತ ಕೊಡುವ ಮೊದಲೇ ಹೇಳಬೇಕು, ವೈದ್ಯರನ್ನು ಕೇಳಿ ಎರಡು ಮೂರು ದಿನ ನಿಲ್ಲಿಸಬೇಕು.

ಇವಕ್ಕಿಂತ ದೊಡ್ಡದು ಅಂಕಿಯನ್ನು ಓದುವ ತಪ್ಪು. ಸಿಎ 125ರ ಮೇರೆ ಸಾಮಾನ್ಯವಾಗಿ ಮಿಲಿಲೀಟರಿಗೆ 35 ಯೂನಿಟ್. ಮುಟ್ಟಿನ ದಿನಗಳಲ್ಲಿ, ಗರ್ಭಾವಸ್ಥೆಯಲ್ಲಿ, ಹೊಟ್ಟೆಯ ಕ್ಷಯದಲ್ಲಿ, ಯಕೃತ್ತಿನ ಕಾಯಿಲೆಯಲ್ಲಿ ಕೂಡ ಅದು ಏರುತ್ತದೆ. ಸಿಇಎ ಬೀಡಿ ಸೇದುವವರಲ್ಲಿ ಹೆಚ್ಚಿರುತ್ತದೆ. ಪಿಎಸ್‌ಎ ಮೂತ್ರದ ಸೋಂಕಿನಿಂದಲೂ ಮೇಲೇರುತ್ತದೆ. ಉದಾಹರಣೆಗೊಂದು ಲೆಕ್ಕ ಹಾಕೋಣ: 10,000 ಆರೋಗ್ಯವಂತರೆನಿಸಿಕೊಂಡ ಮಹಿಳೆಯರಲ್ಲಿ 5 ಮಂದಿಗೆ ರೋಗವಿದೆ, ಪರೀಕ್ಷೆ ಅವರಲ್ಲಿ 4 ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ಶೇಕಡಾ 2ರಷ್ಟು ಮಂದಿಯಲ್ಲಿ ಸುಮ್ಮನೆ ಏರಿರುತ್ತದೆ ಎಂದಿಟ್ಟುಕೊಳ್ಳಿ. ಏರಿದ ಕಾಗದ ಸಿಗುವುದು ಸುಮಾರು 204 ಮಂದಿಗೆ. ರೋಗ ಇರುವುದು ನಾಲ್ವರಿಗೆ. ಉಳಿದ 200 ಮಂದಿಯ ನಿದ್ದೆ ಹೋಗುತ್ತದೆ. ಆದುದರಿಂದ “ಪ್ಯಾಕೇಜಿನಲ್ಲಿ ಕ್ಯಾನ್ಸರ್ ಟೆಸ್ಟೂ ಉಂಟು” ಎಂದು ಸುಮ್ಮನೆ ಮಾಡಿಸುವುದಕ್ಕೆ ನಾನು ವಿರೋಧಿ. ಈಗಾಗಲೇ ರೋಗ ಪತ್ತೆಯಾಗಿ ಚಿಕಿತ್ಸೆಯಲ್ಲಿರುವವರಿಗೆ ಇದೇ ಅಂಕಿಗೆ ಬಹಳ ಬೆಲೆಯಿದೆ: ಎಎಫ್‌ಪಿ ಐದರಿಂದ ಏಳು ದಿನಕ್ಕೊಮ್ಮೆ ಅರ್ಧಕ್ಕಿಳಿಯಬೇಕು, ಇಳಿಯದಿದ್ದರೆ ಗಡ್ಡೆ ಪೂರ್ತಿ ಹೋಗಿಲ್ಲವೆಂಬ ಸುಳಿವು. ಆದರೆ ಒಂದು ಸಲ ಕಾಸರಗೋಡಿನಲ್ಲಿ, ಇನ್ನೊಂದು ಸಲ ಮಂಗಳೂರಿನಲ್ಲಿ, ಮತ್ತೊಮ್ಮೆ ತಲಶ್ಶೇರಿಯಲ್ಲಿ ಮಾಡಿಸಿದರೆ ಹೋಲಿಕೆ ಕೆಡುತ್ತದೆ. ಕಂಪೆನಿ ಬದಲಾದರೆ ಪ್ರತಿಕಾಯ ಬದಲಾಗುತ್ತದೆ, ಅಂಕಿಯೂ ಬದಲಾಗುತ್ತದೆ.

ನಮ್ಮ ಊರಿನ ನಿಜವಾದ ಭಯ ಬಾಯಿಯದ್ದು. ಅಡಿಕೆಯನ್ನು, ಹೊಗೆಸೊಪ್ಪಿಲ್ಲದೆ ಬರೇ ಅಡಿಕೆಯನ್ನೂ, ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮೊದಲನೆಯ ಗುಂಪಿನ, ಅಂದರೆ ಮನುಷ್ಯರಲ್ಲಿ ಖಚಿತವಾದ, ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿತು. ಅಡಿಕೆ ಬೆಳೆದೇ ಬದುಕಿದ ಮನೆಯವನಾಗಿ ಇದನ್ನು ಬರೆಯುವುದು ಸುಲಭವಲ್ಲ. ಬಾಯಿಯ ಕ್ಯಾನ್ಸರಿಗೆ ನಂಬಬಹುದಾದ ರಕ್ತಸೂಚಕವಿಲ್ಲ. ಎರಡು ಮೂರು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇದ್ದರೆ ಬೇಕಾದದ್ದು ಬೆಳಕು ಹಿಡಿದು ನೋಡುವ ವೈದ್ಯರು, ಮತ್ತು ಅವರು ಹೇಳಿದರೆ ಬಯಾಪ್ಸಿ, ಅಂದರೆ ಆ ಜಾಗದ ಒಂದು ತುಣುಕು ತೆಗೆದು ಪರೀಕ್ಷಿಸುವುದು.

ಬಯಾಪ್ಸಿಯ ತುಣುಕನ್ನು ಮನೆಯವರ ಕೈಯಲ್ಲೇ ಕೊಟ್ಟು ಮಂಗಳೂರಿಗೋ ಬೇರೆಡೆಗೋ ಕಳಿಸುವುದುಂಟು. ಡಬ್ಬಿಯಲ್ಲಿ ಶೇಕಡಾ 10ರ ಬಫರ್ಡ್ ಫಾರ್ಮಲಿನ್ ಇರಬೇಕು, ತುಣುಕಿನ ಹತ್ತು ಪಟ್ಟು. ಸಲೈನಿನಲ್ಲಿಯೋ ನೀರಿನಲ್ಲಿಯೋ ಹಾಕಿದ್ದರೆ ಬಸ್ಸು ತಲಪಾಡಿ ದಾಟುವಷ್ಟರಲ್ಲಿ ಜೀವಕೋಶಗಳು ಕೊಳೆಯತೊಡಗಿರುತ್ತವೆ. ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸುವುದೂ ತಪ್ಪು. ಸ್ತನದ ಗಡ್ಡೆಯಾಗಿದ್ದು ಚಿಕಿತ್ಸೆ ಆರಿಸಲು ನೆರವಾಗುವ ಈಆರ್, ಪಿಆರ್, ಹರ್2 ಸೂಚಕಗಳನ್ನು ನೋಡಬೇಕಿದ್ದರೆ, ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್ನಿಗೆ ಬೀಳಬೇಕು, ಆರು ಗಂಟೆಗಿಂತ ಕಡಿಮೆಯಾಗದಂತೆ, 72 ಗಂಟೆ ಮೀರದಂತೆ ಅದರಲ್ಲಿರಬೇಕು. ಆದುದರಿಂದ ತೆಗೆದ ಸಮಯವನ್ನು ಡಬ್ಬಿಯ ಮೇಲೆ ಬರೆಸಿಕೊಳ್ಳಿ. ಹೆಸರಿನ ಚೀಟಿ ಇರಬೇಕಾದದ್ದು ಡಬ್ಬಿಯ ಮೈಮೇಲೆ, ಮುಚ್ಚಳದ ಮೇಲಲ್ಲ. ಪ್ರಯೋಗಾಲಯದ ಮೇಜಿನಲ್ಲಿ ಹತ್ತು ಡಬ್ಬಿಗಳ ಮುಚ್ಚಳ ಒಟ್ಟಿಗೆ ತೆರೆದಾಗ, ಯಾವ ಮುಚ್ಚಳ ಯಾವ ಡಬ್ಬಿಯದ್ದೆಂದು ಹೇಳುವವರು ಯಾರೂ ಇರುವುದಿಲ್ಲ.